ಐಷೆನ್‌ಡೋರ್ಫ್‌ನ ‘ಮೋಂಡ್‌ನಖ್ಟ್’: ಜರ್ಮನ್ ಕವಿತೆಯ ಛಂದಸ್ಸನ್ನು ಎಣಿಸುವುದು ಹೇಗೆ?

ಹೊಂಗೆನೆರಳು:

ಎಲ್ಲರಿಗೂ ನಮಸ್ಕಾರ. ಜರ್ಮನ್ ಕಲಿಯುತ್ತಿದ್ದೇನೆ, ಬಿ1 ಹಂತ ಮುಗಿದು ಈಗ ಬಿ2 ನಡೀತಿದೆ. ತರಗತಿಯಲ್ಲಿ ಕವಿತೆಗಳು ಶುರುವಾಗಿವೆ. ಮೊದಲು ಕೊಟ್ಟಿದ್ದು ಯೋಸೆಫ್ ಫೊನ್ ಐಷೆನ್‌ಡೋರ್ಫ್‌ನ ‘ಮೋಂಡ್‌ನಖ್ಟ್’, ಅಂದರೆ ಬೆಳದಿಂಗಳ ರಾತ್ರಿ. 1837ರಲ್ಲಿ ಅಚ್ಚಾದ ಹನ್ನೆರಡೇ ಸಾಲಿನ ಕವಿತೆ. ಎಲ್ಲರಿಗೂ ಓದಲು ಅನುಕೂಲ ಆಗಲಿ ಅಂತ ಕನ್ನಡ ಲಿಪಿಯಲ್ಲೇ ಹಾಕ್ತಿದ್ದೇನೆ.

ಎಸ್ ವಾರ್, ಅಲ್ಸ್ ಹೆಟ್ ಡೆರ್ ಹಿಮ್ಮೆಲ್
ಡೀ ಏರ್ಡೆ ಶ್ಟಿಲ್ ಗೆಕ್ಯುಸ್ಟ್,
ಡಸ್ ಜೀ ಇಮ್ ಬ್ಲ್ಯೂಟೆನ್‌ಶಿಮ್ಮರ್
ಫೊನ್ ಈಮ್ ನೂನ್ ಟ್ರಾಯ್‌ಮೆನ್ ಮ್ಯುಸ್ಟ್.

ಡೀ ಲುಫ್ಟ್ ಗಿಂಗ್ ಡುರ್ಷ್ ಡೀ ಫೆಲ್ಡರ್,
ಡೀ ಏರೆನ್ ವೋಗ್ಟೆನ್ ಜಖ್ಟ್,
ಎಸ್ ರೌಶ್ಟೆನ್ ಲೈಸ್ ಡೀ ವೆಲ್ಡರ್,
ಜೋ ಶ್ಟೆರ್ನ್‌ಕ್ಲಾರ್ ವಾರ್ ಡೀ ನಖ್ಟ್.

ಉಂಡ್ ಮೈನೆ ಜೇಲೆ ಶ್ಪಂಟೆ
ವೈಟ್ ಈರೆ ಫ್ಲ್ಯೂಗೆಲ್ ಔಸ್,
ಫ್ಲೋಗ್ ಡುರ್ಷ್ ಡೀ ಶ್ಟಿಲ್ಲೆನ್ ಲಂಡೆ,
ಅಲ್ಸ್ ಫ್ಲ್ಯೋಗೆ ಜೀ ನಾಖ್ ಹೌಸ್.

ನನಗೆ ತಿಳಿದ ಅರ್ಥ ಇಷ್ಟು. ಆಕಾಶ ಸದ್ದಿಲ್ಲದೆ ಭೂಮಿಗೆ ಮುತ್ತಿಟ್ಟ ಹಾಗಿತ್ತು, ಹೂಗಳ ಹೊಳಪಿನಲ್ಲಿದ್ದ ಭೂಮಿ ಇನ್ನು ಆಕಾಶದ್ದೇ ಕನಸು ಕಾಣಬೇಕು ಅನ್ನುವ ಹಾಗೆ. ಗಾಳಿ ಹೊಲಗಳನ್ನು ಹಾದು ಹೋಯಿತು, ತೆನೆಗಳು ಮೆಲ್ಲಗೆ ತೂಗಿದವು, ಕಾಡು ಸಣ್ಣಗೆ ಸರಸರ ಅನ್ನುತ್ತಿತ್ತು, ರಾತ್ರಿ ಅಷ್ಟು ತಿಳಿಯಾಗಿ ನಕ್ಷತ್ರ ತುಂಬಿಕೊಂಡಿತ್ತು. ನನ್ನ ಜೀವ ರೆಕ್ಕೆಗಳನ್ನು ಅಗಲವಾಗಿ ಬಿಚ್ಚಿತು, ನಿಶ್ಶಬ್ದವಾದ ನಾಡಿನ ಮೇಲೆ ಹಾರಿತು, ಮನೆಗೇ ಹಾರಿ ಹೋಗುತ್ತಿರುವ ಹಾಗೆ.

ಈಗ ನನ್ನ ತೊಂದರೆ. ಶಾಲೆಯಲ್ಲಿ ಕಲಿತ ಲಘು ಗುರು ಹಾಕಿ ನೋಡಿದೆ. ಮೊದಲ ಸಾಲು ಪೂರ್ತಿ ಗುರುಗಳೇ ಬರುತ್ತವೆ, ಎರಡನೇ ಸಾಲಿಗೆ ಬಂದರೆ ಲೆಕ್ಕವೇ ಬೇರೆ, ಮೂರು ಮಾತ್ರೆ ನಾಲ್ಕು ಮಾತ್ರೆ ಯಾವ ಗಣಕ್ಕೂ ಕೂರುವುದಿಲ್ಲ. ಆದರೆ ಜೋರಾಗಿ ಓದಿದರೆ ಒಂದು ಲಯ ಖಂಡಿತ ಇದೆ. ಅದು ಎಲ್ಲಿಂದ ಬರುತ್ತೆ?

ಪ್ರಾಸದಲ್ಲೂ ಗೊಂದಲ ಇದೆ. ಒಂದನೇ ಸಾಲಿಗೂ ಮೂರನೇ ಸಾಲಿಗೂ ಪ್ರಾಸ ಅಂತಾರೆ, ಆದರೆ ಹಿಮ್ಮೆಲ್‌ಗೆ ಶಿಮ್ಮರ್ ಹೇಗೆ ಪ್ರಾಸ ಆಗುತ್ತೆ? ಕೊನೆಯ ಪದ್ಯದಲ್ಲಿ ಶ್ಪಂಟೆ, ಲಂಡೆ ಕೂಡ ಹಾಗೇ. ಇಷ್ಟು ಚಿಕ್ಕ ಕವಿತೆಯಲ್ಲಿ ಶ್ಟಿಲ್, ಶ್ಟಿಲ್ಲೆನ್ ಎರಡು ಸಲ, ಫ್ಲ್ಯೂಗೆಲ್, ಫ್ಲೋಗ್, ಫ್ಲ್ಯೋಗೆ ಅಂತ ಒಂದೇ ಮೂಲದ ಪದ ಮೂರು ಸಲ ಯಾಕೆ?

ಸಹಪಾಠಿಗಳಲ್ಲಿ ಕೆಲವರು “ಇದು ಮಕ್ಕಳ ಪದ್ಯದ ಥರ ಇದೆ” ಅಂದರು. ನನಗೆ ಹಾಗನ್ನಿಸಲಿಲ್ಲ, ಓದಿದಾಗಿನಿಂದ ತಲೆಯಲ್ಲೇ ಕೂತಿದೆ. ಆದರೆ ಯಾಕೆ ಅಂತ ಹೇಳಲು ಬರ್ತಿಲ್ಲ. ತಿಳಿದವರು ಬಿಡಿಸಿ ಹೇಳಿ.

ರೈನ್‌ದಂಡೆ:

ಒಳ್ಳೆಯ ಕವಿತೆಯಿಂದಲೇ ಶುರು ಮಾಡಿದ್ದೀರಿ. ಛಂದಸ್ಸಿನ ಪ್ರಶ್ನೆ ಮೊದಲು ತಗೋತೀನಿ, ಯಾಕಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಲಘು ಗುರು ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಒಂದು ಅಕ್ಷರವನ್ನು ಎಷ್ಟು ಹೊತ್ತು ಹೇಳುತ್ತೇವೆ ಅನ್ನುವುದು ಲೆಕ್ಕ. ಜರ್ಮನ್‌ನಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳುತ್ತೇವೆ ಅನ್ನುವುದು ಲೆಕ್ಕ. ಒತ್ತು ಬಿದ್ದದ್ದಕ್ಕೆ ಅವರು ಹೇಬುಂಗ್ ಅಂತಾರೆ, ಬೀಳದ್ದಕ್ಕೆ ಜೆಂಕುಂಗ್. ಏರು, ಇಳಿ ಅಂತ ಇಟ್ಟುಕೊಳ್ಳೋಣ. ಇದನ್ನು ನಿಯಮವಾಗಿ ಬರೆದಿಟ್ಟವನು ಕವಿ ಮಾರ್ಟಿನ್ ಓಪಿಟ್ಸ್, 1624ರಲ್ಲಿ. ಗ್ರೀಕರು, ಲ್ಯಾಟಿನ್‌ನವರು ಅಕ್ಷರ ಉದ್ದವೋ ಗಿಡ್ಡವೋ ಅಂತ ಅಳೆಯುತ್ತಿದ್ದರು, ಅಂದರೆ ಹೆಚ್ಚುಕಡಿಮೆ ನಮ್ಮ ಹಾಗೆ. ಜರ್ಮನ್ ಮಾತಿಗೆ ಆ ಅಳತೆ ಹೊಂದುವುದಿಲ್ಲ, ಒತ್ತು ನೋಡಿಯೇ ಏರು ಇಳಿ ತಿಳಿಯಬೇಕು ಅಂತ ಓಪಿಟ್ಸ್ ಹೇಳಿದ. ಯಾಂಬಸ್ (ಇಳಿ, ಏರು), ಟ್ರೋಖೆಯಸ್ (ಏರು, ಇಳಿ) ಅನ್ನುವ ಗ್ರೀಕ್ ಹೆಸರುಗಳನ್ನು ಹಾಗೇ ಉಳಿಸಿಕೊಂಡು ಒಳಗಿನ ಅಳತೆಯನ್ನು ಬದಲಾಯಿಸಿದ. ಅವನೂ ಸೈಲೀಸಿಯಾದವನು, ಐಷೆನ್‌ಡೋರ್ಫ್ ಕೂಡ ಅಲ್ಲಿಯವನೇ.

ಒತ್ತು ಎಲ್ಲಿ ಬೀಳುತ್ತೆ ಅಂತ ಗೊತ್ತಾಗಲು ಕಲಿಯುವವರಿಗೆ ಸಾಮಾನ್ಯವಾಗಿ ಇಷ್ಟು ಸಾಕು: ಅಚ್ಚ ಜರ್ಮನ್ ಪದಗಳಲ್ಲಿ ಮೂಲಪದದ ಮೊದಲ ಅಕ್ಷರಕ್ಕೆ ಒತ್ತು. ಹಿಮ್ಮೆಲ್‌ನಲ್ಲಿ ‘ಹಿಮ್’, ಏರ್ಡೆಯಲ್ಲಿ ‘ಏರ್’. ಮುಂದೆ ಅಂಟುವ ಗೆ, ಬೆ, ಫೆರ್ ಇವಕ್ಕೆ ಒತ್ತಿಲ್ಲ, ಹಾಗಾಗಿ ಗೆಕ್ಯುಸ್ಟ್‌ನಲ್ಲಿ ‘ಕ್ಯುಸ್ಟ್’ ಏರು. ಡೀ, ಡೆರ್, ಎಸ್, ಉಂಡ್ ಥರದ ಪುಟ್ಟ ಪದಗಳು ಸಾಮಾನ್ಯವಾಗಿ ಇಳಿ.

ಈಗ ಮೊದಲ ಸಾಲು ಓದಿ. ಏರುಗಳು ವಾರ್, ಹೆಟ್, ಹಿಮ್. ಎರಡನೆಯದರಲ್ಲಿ ಏರ್, ಶ್ಟಿಲ್, ಕ್ಯುಸ್ಟ್. ಪ್ರತಿ ಸಾಲಿಗೂ ಮೂರು ಏರು. ಸಾಲು ಇಳಿಯಿಂದ ಶುರುವಾಗುತ್ತೆ, ಆಮೇಲೆ ಏರು, ಇಳಿ, ಏರು, ಹೀಗೆ. ಇದೇ ಮೂರು ಏರಿನ ಯಾಂಬಸ್. ಬೆಸ ಸಾಲುಗಳಲ್ಲಿ ಏಳು ಅಕ್ಷರ, ಕೊನೆಯದು ಇಳಿ. ಸರಿ ಸಾಲುಗಳಲ್ಲಿ ಆರು, ಕೊನೆಯದು ಏರು. ಇಳಿಯಲ್ಲಿ ಮುಗಿಯುವುದನ್ನು ಅವರ ಪಾಠದಲ್ಲಿ ಹೆಣ್ಣು ಮುಕ್ತಾಯ ಅಂತಲೂ ಏರಿನಲ್ಲಿ ಮುಗಿಯುವುದನ್ನು ಗಂಡು ಮುಕ್ತಾಯ ಅಂತಲೂ ಕರೀತಾರೆ, ಪುಸ್ತಕದಲ್ಲಿ ಸಿಕ್ಕರೆ ಗಾಬರಿ ಬೇಡ. ಏಳು ಆರು ಏಳು ಆರು, ಮೂರು ಪದ್ಯದಲ್ಲೂ ಇದೇ, ಒಂದು ಅಕ್ಷರವೂ ತಪ್ಪಿಲ್ಲ.

ಕವಿ ಇದಕ್ಕೆ ಎಷ್ಟು ನಿಗಾ ವಹಿಸಿದ್ದಾನೆ ಅಂತ ನೋಡಬೇಕಾದರೆ ಕತ್ತರಿಸಿದ ಪದಗಳನ್ನು ನೋಡಿ. ವ್ಯಾಕರಣದ ಪ್ರಕಾರ ಅದು ಹೆಟ್ಟೆ, ಆದರೆ ಅವನು ಬರೆದದ್ದು ಹೆಟ್. ಲೈಸೆ ಆಗಬೇಕಿದ್ದದ್ದು ಲೈಸ್. ಮ್ಯುಸ್ಟೆ ಆಗಬೇಕಿದ್ದದ್ದು ಮ್ಯುಸ್ಟ್, ಅಲ್ಲಿ ಪ್ರಾಸಕ್ಕೂ ಬೇಕಾಗಿತ್ತು. ಹೆಟ್ಟೆ ಅಂತಲೇ ಬಿಟ್ಟಿದ್ದರೆ ಎರಡು ಇಳಿ ಒಟ್ಟಿಗೆ ಬಂದು ಸಾಲು ಕುಣಿಯುತ್ತಿತ್ತು. ಹಾಗೆ ಕುಣಿಸುವುದೇನೂ ತಪ್ಪಲ್ಲ. ಹೈನೆಯ ಲೋರೆಲೈ ಕವಿತೆಯ ಮೊದಲ ಸಾಲಲ್ಲೇ ಎರಡೆರಡು ಇಳಿಗಳು ಬರುತ್ತವೆ, ಜಾನಪದ ಹಾಡುಗಳಲ್ಲೂ ಅದು ಸಾಮಾನ್ಯ. ಐಷೆನ್‌ಡೋರ್ಫ್‌ಗೆ ಇಲ್ಲಿ ಆ ಕುಣಿತ ಬೇಡವಾಗಿತ್ತು. ಉಸಿರಾಟದ ಹಾಗೆ ಒಂದೇ ಸಮನಾದ ನಡೆ ಬೇಕಾಗಿತ್ತು.

ಯಾಕೆ ಬೇಕಾಗಿತ್ತು ಅನ್ನುವುದಕ್ಕೆ ಉತ್ತರ ಕೊನೆಯ ಪದ್ಯದಲ್ಲಿದೆ. ‘ವೈಟ್ ಈರೆ ಫ್ಲ್ಯೂಗೆಲ್ ಔಸ್’ ಸಾಲನ್ನು ಯಾಂಬಸ್ ಪ್ರಕಾರ ಓದಿದರೆ ‘ಈ’ ಮೇಲೆ ಒತ್ತು ಹಾಕಬೇಕು. ಜರ್ಮನ್ ಬಲ್ಲ ಯಾರೂ ಹಾಗೆ ಓದುವುದಿಲ್ಲ. ವೈಟ್ ಅನ್ನುವ ಪದವೇ ಒತ್ತು ಕೇಳುತ್ತೆ. ಮುಂದಿನ ಸಾಲಲ್ಲೂ ಅದೇ ಕತೆ, ‘ಫ್ಲೋಗ್’ ಮುಖ್ಯ ಕ್ರಿಯಾಪದ, ಅದನ್ನು ಹಗುರಾಗಿ ದಾಟಲು ಬರುವುದೇ ಇಲ್ಲ. ಅಲ್ಲಿಯವರೆಗಿನ ಒಂಬತ್ತು ಸಾಲೂ ಇಳಿಯಿಂದಲೇ ಶುರುವಾಗಿವೆ. ಹತ್ತು ಮತ್ತು ಹನ್ನೊಂದನೇ ಸಾಲು ಮಾತ್ರ ಏರಿನಿಂದ ಶುರುವಾಗುತ್ತವೆ. ಆ ಎರಡು ಸಾಲಲ್ಲಿ ನಡೆಯುವುದೇನು? ಒಂದರಲ್ಲಿ ರೆಕ್ಕೆ ಬಿಚ್ಚುತ್ತೆ, ಇನ್ನೊಂದರಲ್ಲಿ ಹಾರುತ್ತೆ. ಹನ್ನೆರಡನೆಯದರಲ್ಲಿ ಮತ್ತೆ ಹಳೆಯ ನಡೆ.

ಹಾಗಾಗಿ ಮಕ್ಕಳ ಪದ್ಯ ಅಂದ ನಿಮ್ಮ ಸಹಪಾಠಿಗಳಿಗೆ ಇದನ್ನೇ ತೋರಿಸಿ. ಅಷ್ಟು ಹೊತ್ತು ನಡೆ ಸಮನಾಗಿ ಇದ್ದದ್ದರಿಂದಲೇ ಆ ಎರಡು ಏರು ಮೈಗೆ ತಾಗುತ್ತವೆ. ಮೊದಲಿನಿಂದಲೂ ಲಯ ಏರುಪೇರಾಗಿದ್ದರೆ ಅವು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಹಳಗನ್ನಡದವ:

ಜರ್ಮನ್ ನನಗೆ ಅಷ್ಟಕ್ಕಷ್ಟೆ, ಆದರೆ ಪ್ರಾಸದ ಪ್ರಶ್ನೆ ನೋಡಿ ಸುಮ್ನೆ ಇರಲಾಗಲಿಲ್ಲ.

ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಅಂದರೆ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಬೇರೆಯಾದರೂ ನಡೆಯುತ್ತೆ. ಸಾಲಿನ ಕೊನೆಗೆ ಪ್ರಾಸ ಹೊಂದಿಸುವುದು ರಗಳೆಯಲ್ಲಿತ್ತು, ಎಲ್ಲೆಡೆ ಬಳಕೆಗೆ ಬಂದದ್ದು ನವೋದಯದ ಕಾಲದಲ್ಲಿ. ಈಗ ಈ ಜರ್ಮನ್ ಪದಗಳನ್ನು ಸಾಲಿನ ಕೊನೆಯಿಂದ ಎತ್ತಿ ಪಕ್ಕಪಕ್ಕ ಇಡಿ. ಹಿಮ್ಮೆಲ್, ಶಿಮ್ಮರ್. ಎರಡನೇ ಅಕ್ಷರದಲ್ಲಿ ಎರಡೂ ಕಡೆ ‘ಮ್ಮ’ ಇದೆ. ನಮ್ಮ ಹಳೆಯ ಕಿವಿಗೆ ಇದು ಪಕ್ಕಾ ಪ್ರಾಸ! ಜರ್ಮನ್ನರ ಕಿವಿಗೆ ಮಾತ್ರ ಅರೆಬರೆ, ಯಾಕಂದರೆ ಅವರಿಗೆ ಒತ್ತು ಬಿದ್ದ ಸ್ವರದಿಂದ ಹಿಡಿದು ಪದದ ಕೊನೆಯವರೆಗೆ ಎಲ್ಲವೂ ಒಂದೇ ಆಗಬೇಕಲ್ವಾ? ಲ್ ಮತ್ತು ರ್ ಬೇರೆಯಾಯಿತು, ಅಷ್ಟಕ್ಕೇ ಕೆಟ್ಟಿತು.

ಇನ್ನೊಂದು ಮಜಾ ಇದೆ. ಶ್ಪಂಟೆ, ಲಂಡೆ. ಒಂದರಲ್ಲಿ ಟ, ಇನ್ನೊಂದರಲ್ಲಿ ಡ. ಎರಡೂ ಒಂದೇ ವರ್ಗದ ಅಕ್ಷರ. ನಮ್ಮ ಲಾಕ್ಷಣಿಕರು ಇಂಥದ್ದಕ್ಕೆ ವರ್ಗಪ್ರಾಸ ಅಂತ ಹೆಸರೇ ಇಟ್ಟಿದ್ದಾರೆ. ಅಂದರೆ ಇಷ್ಟು ಹತ್ತಿರ ಇದ್ದರೆ ಕಿವಿ ಒಪ್ಪುತ್ತೆ ಅಂತ ಅವರಿಗೂ ಗೊತ್ತಿತ್ತು. ಜರ್ಮನ್‌ನಲ್ಲಿ ಇದನ್ನು ಏನಂತಾರೆ?

ರೈನ್‌ದಂಡೆ:

ಉನ್‌ರೈನರ್ ರೈಮ್ ಅಂತಾರೆ ಸರ್, ಅಶುದ್ಧ ಪ್ರಾಸ. ನೀವು ಎರಡನೇ ಅಕ್ಷರ ಹಿಡಿದು ನೋಡಿದ್ದು ತುಂಬ ಚೆನ್ನಾಗಿದೆ, ನನಗೆ ಆ ಕಡೆಯಿಂದ ನೋಡಬೇಕು ಅಂತ ಹೊಳೆದಿರಲಿಲ್ಲ. ಒಂದು ಮಾತು ಸೇರಿಸಬೇಕು. ಜರ್ಮನ್‌ನಲ್ಲಿ ಆ ‘ಮ್ಮ’ವನ್ನು ನಮ್ಮಷ್ಟು ಒತ್ತಿ ಹೇಳುವುದಿಲ್ಲ. ಹಿಂದಿನ ಸ್ವರ ಗಿಡ್ಡ ಅಂತ ತೋರಿಸಲು ಎರಡು ಸಲ ಬರೆಯುತ್ತಾರೆ, ಬಾಯಲ್ಲಿ ಬರುವುದು ಒಂದೇ ಮ.

ಈಗ ಹೊಂಗೆನೆರಳು ಅವರೇ, ಇಡೀ ಕವಿತೆಯ ಪ್ರಾಸಗಳನ್ನು ಒಟ್ಟಿಗೆ ನೋಡಿ. ಸರಿ ಸಾಲುಗಳ ಪ್ರಾಸ ಎಲ್ಲ ಶುದ್ಧ: ಗೆಕ್ಯುಸ್ಟ್ ಮ್ಯುಸ್ಟ್, ಜಖ್ಟ್ ನಖ್ಟ್, ಔಸ್ ಹೌಸ್. ನಡುವಿನ ಪದ್ಯದಲ್ಲಿ ಬೆಸ ಸಾಲುಗಳದ್ದೂ ಶುದ್ಧ. ಫೆಲ್ಡರ್, ವೆಲ್ಡರ್ ಬರೆಯುವಾಗ ಸ್ವರ ಬೇರೆ ಕಾಣುತ್ತೆ, ಕಿವಿಗೆ ಎರಡೂ ಒಂದೇ. ಅಶುದ್ಧವಾಗಿರುವುದು ಮೊದಲ ಪದ್ಯದ ಬೆಸ ಸಾಲುಗಳು ಮತ್ತು ಕೊನೆಯ ಪದ್ಯದ ಬೆಸ ಸಾಲುಗಳು ಮಾತ್ರ.

ಆ ಎರಡು ಪದ್ಯಗಳಲ್ಲೇ ‘ಅಲ್ಸ್’ ಬರುತ್ತೆ, ಅಂದರೆ ‘ಹಾಗೆ’. ಆಕಾಶ ಮುತ್ತಿಟ್ಟ ಹಾಗೆ, ಮನೆಗೆ ಹಾರಿದ ಹಾಗೆ. ಎರಡೂ ನಿಜವಾಗಿ ನಡೆದದ್ದಲ್ಲ, ಕ್ರಿಯಾಪದವೂ ಕೊನ್‌ಯುಂಕ್ಟಿಫ್‌ನಲ್ಲಿದೆ, ಅಂದರೆ ಊಹೆಯ ಮಾತಿಗೆ ಬಳಸುವ ರೂಪದಲ್ಲಿ. ನಡುವಿನ ಪದ್ಯದಲ್ಲಿ ಆ ‘ಹಾಗೆ’ ಇಲ್ಲ. ಗಾಳಿ ಬೀಸಿತು, ತೆನೆ ತೂಗಿತು, ಕಾಡು ಸದ್ದು ಮಾಡಿತು, ರಾತ್ರಿ ತಿಳಿಯಾಗಿತ್ತು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಅಷ್ಟೇ. ಅಲ್ಲಿ ಪ್ರಾಸ ಗಟ್ಟಿಯಾಗಿ ಕೂರುತ್ತೆ. ಕಲ್ಪನೆಯ ಪದ್ಯಗಳಲ್ಲಿ ಪ್ರಾಸ ಒಂಚೂರು ಸಡಿಲ. ಆಕಾಶ ಭೂಮಿ ಮುಟ್ಟಿದವು ಅನ್ನಿಸುತ್ತೆ, ಪೂರ್ತಿ ಮುಟ್ಟಿಲ್ಲ. ಹಿಮ್ಮೆಲ್, ಶಿಮ್ಮರ್ ಕೂಡ ಹಾಗೇ ತಾನೇ?

ಮೇಷ್ಟ್ರು_ಧಾರವಾಡ:

ಛಂದಸ್ಸಿನ ಬಗ್ಗೆ ರೈನ್‌ದಂಡೆ ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಪ್ರಾಸದ ಬಗ್ಗೆ ಹೇಳಿದ್ದನ್ನು ಒಪ್ಪಲಾರೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಅಶುದ್ಧ ಪ್ರಾಸ ಆ ಕಾಲದ ಜರ್ಮನ್ ಕವಿತೆಯಲ್ಲಿ ಬೇಕಾದಷ್ಟು ಇದೆ. ಗ್ಯೋಟೆಯ ಫೌಸ್ಟ್ ನಾಟಕದಲ್ಲಿ ಗ್ರೆಟ್ಖೆನ್ ಮಾತೆ ಮರಿಯಳನ್ನು ಬೇಡಿಕೊಳ್ಳುವ ಕಡೆ ‘ನೈಗೆ’ಗೆ ‘ರೈಷೆ’ ಪ್ರಾಸ ಬರುತ್ತೆ. ಬರಹದ ಜರ್ಮನ್‌ನಲ್ಲಿ ಅದು ಕೂಡುವುದಿಲ್ಲ, ಗ್ಯೋಟೆಯ ಊರು ಫ್ರಾಂಕ್‌ಫರ್ಟ್‌ನ ಆಡುಮಾತಿನಲ್ಲಿ ಕೂಡುತ್ತೆ. ಅಲ್ಲಿ ಯಾರೂ ಇದರ ಹಿಂದೆ ಆಳದ ಅರ್ಥ ಇದೆ ಅನ್ನುವುದಿಲ್ಲ. ಇನ್ನು ಐಷೆನ್‌ಡೋರ್ಫ್ ಬರೆಯುತ್ತಿದ್ದದ್ದು ಜಾನಪದ ಹಾಡಿನ ಮಟ್ಟಿನಲ್ಲಿ. ಆರ್ನಿಮ್ ಮತ್ತು ಬ್ರೆಂಟಾನೊ 1805ರಿಂದ 1808ರವರೆಗೆ ಹೊರತಂದ ಜಾನಪದ ಹಾಡುಗಳ ಸಂಗ್ರಹ ಅವನ ತಲೆಮಾರಿನವರಿಗೆಲ್ಲ ಪಠ್ಯದ ಹಾಗಿತ್ತು. ನಾಲ್ಕು ಸಾಲಿನ ಪದ್ಯ, ಮೂರು ಏರು, ಸಾಲು ಬಿಟ್ಟು ಸಾಲಿಗೆ ಪ್ರಾಸ, ಇದೆಲ್ಲ ಅಲ್ಲಿಂದಲೇ ಬಂದದ್ದು. ಹಾಡುವವರು ಪ್ರಾಸ ಹತ್ತಿರ ಬಂದರೆ ಸಾಕು ಅಂತಿದ್ದರು. ಆ ಸಡಿಲವೂ ಮಟ್ಟಿನ ಜೊತೆಗೇ ಬಂದಿದೆ.

ಒಂದು ಕವಿತೆಯಲ್ಲಿ ಎರಡು ಅಶುದ್ಧ ಪ್ರಾಸ ಕಂಡ ತಕ್ಷಣ ಅರ್ಥಕ್ಕೆ ಗಂಟು ಹಾಕುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬಾರದು ಅನ್ನುವುದು ನನ್ನ ಕಾಳಜಿ. ಪರೀಕ್ಷೆಯಲ್ಲಿ ಸಿಕ್ಕಸಿಕ್ಕ ಕಡೆ ಇದನ್ನೇ ಬರೆದು ಬರುತ್ತಾರೆ. ಛಂದಸ್ಸಿನ ವಿಷಯ ಬೇರೆ. ‘ವೈಟ್’ ಮತ್ತು ‘ಫ್ಲೋಗ್’ ವಿಷಯದಲ್ಲಿ ಒತ್ತು ಎಲ್ಲರ ಕಿವಿಗೂ ಕೇಳುತ್ತೆ, ವಾಕ್ಯದ ಅರ್ಥವೂ ಅದನ್ನೇ ಹೇಳುತ್ತೆ. ಅದಕ್ಕೆ ಸಾಕ್ಷಿ ಕವಿತೆಯೊಳಗೇ ಇದೆ.

ರೈನ್‌ದಂಡೆ:

ಮೇಷ್ಟ್ರೇ, ಬೇಜಾರು ಏನಿಲ್ಲ. ಆದರೆ ನನ್ನ ಮಾತು ಹಿಂದೆ ತಗೋಳಲ್ಲ. ಕವಿ ಬೇಕಂತಲೇ ಮಾಡಿದ ಅಂತ ನಾನು ಹೇಳ್ತಿಲ್ಲ. ಓದುವಾಗ ನಡುವಿನ ಪದ್ಯ ಉಳಿದೆರಡಕ್ಕಿಂತ ಗಟ್ಟಿಯಾಗಿ ಕೇಳುತ್ತೆ, ಅದಕ್ಕೆ ಪ್ರಾಸವೂ ಒಂದು ಕಾರಣ ಅಂತಷ್ಟೇ. ವಾಕ್ಯಗಳನ್ನೂ ನೋಡಿ. ಮೊದಲ ಪದ್ಯ ನಾಲ್ಕು ಸಾಲಿಗೂ ಹರಡಿದ ಒಂದೇ ವಾಕ್ಯ. ಕೊನೆಯದೂ ಒಂದೇ ವಾಕ್ಯ. ನಡುವಿನದರಲ್ಲಿ ಒಂದೊಂದು ಸಾಲಿಗೆ ಒಂದೊಂದು ವಾಕ್ಯ, ಸಾಲಿನ ಕೊನೆಗೆ ಮಾತೂ ನಿಲ್ಲುತ್ತೆ. ಅಂದರೆ ಪ್ರಾಸ, ವಾಕ್ಯ, ಕ್ರಿಯಾಪದದ ರೂಪ ಮೂರೂ ಒಂದೇ ಜಾಗದಲ್ಲಿ ಬದಲಾಗುತ್ತಿವೆ. ಒಂದೇ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು.

ಹೊಂಗೆನೆರಳು:

ಅಬ್ಬಾ, ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ! ಒತ್ತು ಹಿಡಿದು ಓದಿದೆ, ಮೇಜಿನ ಮೇಲೆ ಬೆರಳು ತಟ್ಟಿಕೊಂಡು. ಮೂರು ಏರು ಸಲೀಸಾಗಿ ಬಂತು. ‘ವೈಟ್’ ಹತ್ತಿರ ಬೆರಳು ತಾನಾಗಿ ತಡವರಿಸುತ್ತೆ, ನಿಜ.

ಇನ್ನು ಪುನರಾವರ್ತನೆಯ ಬಗ್ಗೆ ಯಾರಾದರೂ ಹೇಳಿ. ಹಾಗೇ ಒಂದು ಪುಟ್ಟ ಪ್ರಶ್ನೆ. ‘ಶ್ಪಂಟೆ’ ಆದಮೇಲೆ ಸಾಲು ಮುಗಿಯುತ್ತೆ, ವಾಕ್ಯ ಮುಗಿಯಲ್ಲ. ಅಲ್ಲಿ ನಿಲ್ಲಿಸಬೇಕಾ, ಹಾಗೇ ಓದಿಕೊಂಡು ಹೋಗಬೇಕಾ?

ಶ್ರುತಿಪೆಟ್ಟಿಗೆ:

ನಾನು ಬಂದದ್ದು ಸಂಗೀತದ ಕಡೆಯಿಂದ. ಈ ಕವಿತೆ ಇಷ್ಟು ಜನರಿಗೆ ಗೊತ್ತಿರುವುದಕ್ಕೆ ರಾಬರ್ಟ್ ಶೂಮನ್ ದೊಡ್ಡ ಕಾರಣ. 1840ರಲ್ಲಿ ಐಷೆನ್‌ಡೋರ್ಫ್‌ನ ಹನ್ನೆರಡು ಕವಿತೆಗಳಿಗೆ ರಾಗ ಹಾಕಿದ, ಕೃತಿ ಸಂಖ್ಯೆ 39. ಅದರಲ್ಲಿ ಐದನೆಯದು ‘ಮೋಂಡ್‌ನಖ್ಟ್’. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಲಾರಾಳನ್ನು ಮದುವೆಯಾದ. ಬ್ರಾಮ್ಸ್ ಕೂಡ ಇದಕ್ಕೆ ರಾಗ ಹಾಕಿದ್ದಾನೆ, ಆದರೆ ಜನ ಹಾಡುವುದು ಹೆಚ್ಚಾಗಿ ಶೂಮನ್‌ದೇ.

ಯಾಕೆ ಹೇಳ್ತಿದ್ದೀನಿ ಅಂದರೆ, ಮೇಲೆ ನಡೆದ ಮಾತಿಗೆ ಆ ಹಾಡು ಒಂಥರಾ ಉತ್ತರ. ಎರಡೆರಡು ಸಾಲಿಗೆ ಒಂದು ಧಾಟಿ ಅಂತ ಮಾಡಿಕೊಂಡು ಮೊದಲ ಎರಡು ಪದ್ಯ ಪೂರ್ತಿ ಅದನ್ನೇ ಮತ್ತೆ ಮತ್ತೆ ಹಾಡಿಸುತ್ತಾನೆ. ಕೇಳುವವರಿಗೆ ಅದು ಅಭ್ಯಾಸವಾಗಿಬಿಡುತ್ತೆ. ‘ಉಂಡ್ ಮೈನೆ ಜೇಲೆ’ ಅಂತ ಮೂರನೇ ಪದ್ಯ ಶುರುವಾದಾಗ ಧಾಟಿ ಬದಲಾಗುತ್ತೆ. ಕೊನೆಗೆ ಮತ್ತೆ ಹಳೆಯ ಧಾಟಿಗೆ ಬರುತ್ತಾನೆ. ಅಂದರೆ ಕವಿ ಒತ್ತು ಬದಲಾಯಿಸಿದ ಪದ್ಯದಲ್ಲೇ ಶೂಮನ್ ಧಾಟಿ ಬದಲಾಯಿಸಿದ್ದಾನೆ.

ನಮ್ಮ ಕಡೆಯವರಿಗೆ ಹೀಗೆ ಹೇಳಬಹುದು: ಹಾಡುವವರು ಅಷ್ಟು ಹೊತ್ತು ತಾಳದ ಪೆಟ್ಟಾದ ಮೇಲೆ ಎತ್ತಿಕೊಂಡು, ಒಂದು ಕಡೆ ಮಾತ್ರ ಸರಿಯಾಗಿ ಪೆಟ್ಟಿಗೇ ಎತ್ತಿಕೊಂಡರೆ ಹೇಗೆ ಕೇಳುತ್ತೆ, ‘ವೈಟ್’ ಹಾಗೆ ಕೇಳುತ್ತೆ. ಮೊದಲು ಹಾಡು ಕೇಳಿ, ಆಮೇಲೆ ಕವಿತೆ ಓದಿ ಅಂತ ಹೇಳಲ್ಲ. ಮೊದಲು ಓದಿ ಕಿವಿ ತಯಾರು ಮಾಡಿಕೊಳ್ಳಿ, ಇಲ್ಲಾಂದ್ರೆ ಶೂಮನ್‌ನ ಧಾಟಿಯೇ ಕವಿತೆಯ ಧಾಟಿ ಅನ್ನಿಸಿಬಿಡುತ್ತೆ.

ರೈನ್‌ದಂಡೆ:

ಪುನರಾವರ್ತನೆಗೆ ಬರೋಣ. ಹೊಂಗೆನೆರಳು ಅವರೇ, ಫ್ಲ್ಯೂಗೆಲ್, ಫ್ಲೋಗ್, ಫ್ಲ್ಯೋಗೆ ಮೂರೂ ಸತತ ಮೂರು ಸಾಲಲ್ಲಿ ಬಂದಿವೆ, ಅದನ್ನು ಗಮನಿಸಿ. ರೆಕ್ಕೆ, ಹಾರಿತು, ಹಾರಿದ ಹಾಗೆ. ವ್ಯಂಜನ ಅದೇ ‘ಫ್ಲ್’ ಮತ್ತು ‘ಗ್’, ನಡುವಿನ ಸ್ವರ ಮಾತ್ರ ಜಾರುತ್ತೆ. ಸ್ವರ ಬದಲಾದ ಹಾಗೆ ಅದು ವಸ್ತುವಿನಿಂದ ಕೆಲಸವಾಗಿ, ಕೆಲಸದಿಂದ ಕಲ್ಪನೆಯಾಗಿ ಹೋಗುತ್ತೆ. ಬೇರೆ ಕವಿಯಾಗಿದ್ದರೆ ಮೂರು ಕಡೆ ಮೂರು ಹೊಸ ಪದ ಹುಡುಕುತ್ತಿದ್ದ. ಇವನು ಹತ್ತಿರ ಇದ್ದದ್ದನ್ನೇ ಬಳಸಿದ.

ಐಷೆನ್‌ಡೋರ್ಫ್ ಒಟ್ಟಾರೆ ಹಾಗೆಯೇ. ಕಾಡು, ರಾತ್ರಿ, ನಕ್ಷತ್ರ, ಕಣಿವೆ, ಸರಸರ ಸದ್ದು. ಇವೇ ಹತ್ತಿಪ್ಪತ್ತು ಪದಗಳನ್ನು ಕವಿತೆಯಿಂದ ಕವಿತೆಗೆ ತಿರುಗಿಸುತ್ತಾನೆ. ಈ ರೌಶೆನ್, ಅಂದರೆ ಸರಸರ ಅನ್ನುವುದು, ಅಂತೂ ಅವನ ಕಾಡಿನಲ್ಲಿ ಯಾವಾಗಲೂ ಇರುತ್ತೆ. ಹೊಸ ಪದ ಬರುವುದಿಲ್ಲ ಅಂತಲ್ಲ, ಹಳೆಯ ಪದ ಹೊಸ ಜಾಗದಲ್ಲಿ ಬಂದಾಗ ಹೇಗೆ ಕೇಳುತ್ತೆ ಅನ್ನುವುದು ಅವನಿಗೆ ಮುಖ್ಯ. ಇಲ್ಲೇ ನೋಡಿ, ಮೊದಲ ಪದ್ಯದಲ್ಲಿ ಆಕಾಶ ಭೂಮಿಗೆ ಮುತ್ತಿಟ್ಟದ್ದು ಶ್ಟಿಲ್, ಸದ್ದಿಲ್ಲದೆ. ಕೊನೆಯ ಪದ್ಯದಲ್ಲಿ ಜೀವ ಹಾರುವಾಗ ಕೆಳಗಿನ ನಾಡೇ ಶ್ಟಿಲ್ಲೆನ್. ಆಕಾಶದ ಆ ಮೌನ ಈಗ ನೆಲಕ್ಕೂ ಬಂದಿದೆ. ಇದನ್ನು ಅವನು ಎಲ್ಲೂ ಬಾಯಿ ಬಿಟ್ಟು ಹೇಳಿಲ್ಲ, ಪದ ಮತ್ತೆ ಬಂದದ್ದರಿಂದ ನಮಗೆ ಗೊತ್ತಾಗುತ್ತೆ.

ಸಾಲಿನ ಆರಂಭವನ್ನೂ ನೋಡಿ. ನಡುವಿನ ಪದ್ಯದಲ್ಲಿ ‘ಡೀ ಲುಫ್ಟ್’, ‘ಡೀ ಏರೆನ್’ ಅಂತ ಎರಡು ಸಾಲು ಒಂದೇ ಥರ ಶುರುವಾಗುತ್ತವೆ. ಮೂರನೆಯದೂ ‘ಡೀ ವೆಲ್ಡರ್’ ಅಂತ ಶುರುವಾಗುತ್ತೆ ಅಂದುಕೊಂಡರೆ ಅವನು ವಾಕ್ಯವನ್ನು ತಿರುಗಿಸುತ್ತಾನೆ. ಮೊದಲು ಸದ್ದು, ಸಾಲಿನ ಕೊನೆಗೆ ಕಾಡು. ಕತ್ತಲಲ್ಲಿ ನಿಂತವರಿಗೆ ಆಗುವುದೂ ಹಾಗೇ ಅಲ್ವಾ? ಸದ್ದು ಮೊದಲು ಕೇಳುತ್ತೆ, ಅದು ಕಾಡಿನದು ಅಂತ ಆಮೇಲೆ ತಿಳಿಯುತ್ತೆ. ಪ್ರಾಸಕ್ಕೂ ವೆಲ್ಡರ್ ಕೊನೆಗೇ ಬೇಕಿತ್ತು. ಎರಡೂ ಕೆಲಸ ಒಂದೇ ಏಟಿಗೆ ಆಯಿತು.

ಒಂದು ವಿಷಯ ಯಾರೂ ಹೇಳಲಿಲ್ಲ. ಹೆಸರು ಬೆಳದಿಂಗಳ ರಾತ್ರಿ, ಕವಿತೆಯೊಳಗೆ ಚಂದ್ರನ ಸುದ್ದಿಯೇ ಇಲ್ಲ. ಹೂಗಳ ಹೊಳಪು ಇದೆ, ನಕ್ಷತ್ರ ಇದೆ.

ಮೇಷ್ಟ್ರು_ಧಾರವಾಡ:

ಇದಂತೂ ಒಪ್ಪಿದೆ, ಶ್ಟಿಲ್ ಬಗ್ಗೆ ಹೇಳಿದ್ದು ವಿಶೇಷವಾಗಿ.

‘ಮನೆ’ಯ ಬಗ್ಗೆ ಒಂದೆರಡು ಮಾತು, ಯಾಕಂದರೆ ಮುಂದೆ ತರಗತಿಯಲ್ಲಿ ಬಂದೇ ಬರುತ್ತೆ. ಐಷೆನ್‌ಡೋರ್ಫ್ ಹುಟ್ಟಿದ್ದು 1788ರಲ್ಲಿ, ರಾಟಿಬೋರ್ ಹತ್ತಿರದ ಲುಬೋವಿಟ್ಸ್ ಕೋಟೆಮನೆಯಲ್ಲಿ. ಈಗ ಆ ಊರು ಪೋಲೆಂಡಿನಲ್ಲಿದೆ. ಮನೆತನ ಸಾಲದಲ್ಲಿ ಮುಳುಗಿ, ತಂದೆತಾಯಿ ತೀರಿಕೊಂಡ ಮೇಲೆ ಲುಬೋವಿಟ್ಸ್ ಕೈಬಿಟ್ಟು ಹೋಯಿತು. ಅವನು ಪ್ರಷ್ಯಾ ಸರ್ಕಾರದ ನೌಕರಿಯಲ್ಲಿ ಊರೂರು ತಿರುಗಿದ. ಹಾಗಾಗಿ ‘ನಾಖ್ ಹೌಸ್’ ಅಂದರೆ ಲುಬೋವಿಟ್ಸ್ ಅಂತ ಕೆಲವರು ಹೇಳುತ್ತಾರೆ. ಅವನು ಶ್ರದ್ಧಾವಂತ ಕ್ಯಾಥೊಲಿಕ್, ಹಾಗಾಗಿ ಅದು ಪರಲೋಕ ಅಂತ ಇನ್ನು ಕೆಲವರು. ಕವಿತೆ ಯಾವುದನ್ನೂ ಹೆಸರಿಸುವುದಿಲ್ಲ. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ, ಆದರೆ ‘ಅಲ್ಸ್ ಫ್ಲ್ಯೋಗೆ’ ಅನ್ನುವ ರೂಪವನ್ನು ಮರೆಯಬೇಡಿ. ಮನೆ ಸೇರಿತು ಅಂತ ಅವನು ಹೇಳಿಲ್ಲ.

ಇದನ್ನು ಓದಿ ಮುಗಿಸಿದ ಮೇಲೆ ಗ್ಯೋಟೆಯ ‘ಯೂಬರ್ ಅಲ್ಲೆನ್ ಗಿಪ್ಫೆಲ್ನ್’ ತೆಗೆದುಕೊಳ್ಳಿ. 1780ರ ಸೆಪ್ಟೆಂಬರ್ 6ರಂದು ಇಲ್ಮೆನೌ ಹತ್ತಿರದ ಕಿಕೆಲ್‌ಹಾನ್ ಬೆಟ್ಟದ ಮೇಲಿನ ಮರದ ಗುಡಿಸಲಿನ ಗೋಡೆಗೆ ಬರೆದ ಎಂಟು ಸಾಲು. ಅಲ್ಲಿ ಎಲ್ಲ ಉಲ್ಟಾ. ಪ್ರಾಸ ಶುದ್ಧ, ಸಾಲಿನ ಅಳತೆ ಮಾತ್ರ ಎಲ್ಲೂ ಒಂದೇ ಥರ ಇಲ್ಲ. ಒಂದು ಸಾಲಿಗೆ ಎರಡೇ ಅಕ್ಷರ, ಇನ್ನೊಂದಕ್ಕೆ ಒಂಬತ್ತು. ಎರಡರಲ್ಲೂ ರಾತ್ರಿ, ಎರಡರಲ್ಲೂ ಕಾಡು, ಎರಡರಲ್ಲೂ ಮೌನ. ಅಳತೆ ಬದಲಾದರೆ ಮೌನ ಹೇಗೆ ಬದಲಾಗುತ್ತೆ ಅಂತ ಪಕ್ಕಪಕ್ಕ ಇಟ್ಟು ಓದಿದರೆ ಕಿವಿಗೇ ತಿಳಿಯುತ್ತೆ.

ಹಳಗನ್ನಡದವ:

ಶ್ಪಂಟೆ ಹತ್ತಿರ ನಿಲ್ಲಿಸಬೇಕೋ ಬೇಡವೋ ಅನ್ನುವ ಪ್ರಶ್ನೆ ಹಾಗೇ ಉಳಿಯಿತಲ್ಲ. ನನಗೂ ತಿಳಿಯಬೇಕು.

ರೈನ್‌ದಂಡೆ:

ಹೌದು, ಅದು ಬಿಟ್ಟೇ ಹೋಗಿತ್ತು. ಜರ್ಮನ್‌ನಲ್ಲಿ ಕೆಲವು ಕ್ರಿಯಾಪದಗಳು ಎರಡಾಗಿ ಒಡೆಯುತ್ತವೆ, ನಿಮಗೆ ಬಿ1ರಲ್ಲೇ ಆಗಿರುತ್ತೆ. ಇಲ್ಲಿ ಕ್ರಿಯಾಪದ ಔಸ್‌ಶ್ಪನೆನ್, ಪೂರ್ತಿ ಬಿಚ್ಚಿ ಹರಡುವುದು. ಅದರ ಮೊದಲ ತುಂಡು ‘ಶ್ಪಂಟೆ’ ಒಂದು ಸಾಲಿನ ಕೊನೆಗಿದೆ, ಇನ್ನೊಂದು ತುಂಡು ‘ಔಸ್’ ಮುಂದಿನ ಸಾಲಿನ ಕೊನೆಗೆ. ಎರಡು ತುಂಡೂ ಪ್ರಾಸದ ಜಾಗದಲ್ಲೇ ಕೂತಿವೆ. ‘ಅಗಲವಾಗಿ ತನ್ನ ರೆಕ್ಕೆಗಳನ್ನು’ ಅನ್ನುವುದು ಪೂರ್ತಿ ಆ ಎರಡು ತುಂಡುಗಳ ನಡುವೆ ಇದೆ. ಇಡೀ ಸಾಲು ಮುಗಿಯುವವರೆಗೆ ಕ್ರಿಯಾಪದ ತೆರೆದೇ ಇರುತ್ತೆ.

ಹಾಗಾಗಿ ‘ಶ್ಪಂಟೆ’ ಆದಮೇಲೆ ದನಿ ಕೆಳಗಿಳಿಸಬೇಡಿ, ಇಳಿಸಿದರೆ ವಾಕ್ಯ ಮುಗಿದ ಹಾಗೆ ಕೇಳುತ್ತೆ. ದನಿಯನ್ನು ಅದೇ ಎತ್ತರದಲ್ಲಿ ಇಟ್ಟುಕೊಂಡು ಒಂದು ಚೂರು ತಡೆಯಿರಿ, ಉಸಿರು ತಗೋಳುವಷ್ಟು ಬೇಡ. ಆಮೇಲೆ ‘ವೈಟ್’ ಅನ್ನು ಒತ್ತಿ, ಸ್ವಲ್ಪ ಎಳೆದು ಹೇಳಿ. ದನಿ ಇಳಿಸುವುದು ‘ಔಸ್’ಹತ್ತಿರ, ಅದೂ ಅರ್ಧ ಮಾತ್ರ, ಯಾಕಂದರೆ ಅಲ್ಲಿ ಬರೀ ಅಲ್ಪವಿರಾಮ ಇದೆ. ಪೂರ್ತಿ ಇಳಿಸುವುದು ‘ಹೌಸ್’ಗೆ. ನಡುವಿನ ಪದ್ಯದಲ್ಲಿ ಮಾತ್ರ ಪ್ರತಿ ಸಾಲಿನ ಕೊನೆಗೂ ಧಾರಾಳವಾಗಿ ನಿಲ್ಲಿಸಿ ಓದಿ.